ಎಡತೋಳಿನ ಮಡಿಕೆ

ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದು ಅಂಗಿಗಳು ಹೊಲಿಗೆ ಸರಿಮಾಡಿಸಲು ನನ್ನ ಮನೆಗೆ ಬರುತ್ತವೆ. ಬದನೆಕಾಯಿ ಬಣ್ಣದ, ತುಂಬು ತೋಳಿನ ಅಂಗಿಗಳು. ಬೇರೆ ಊರಿನ ತಂಡಗಳೆಲ್ಲ ಅರ್ಧ ತೋಳಿಗೆ ಬಂದು ಎಷ್ಟೋ ಕಾಲವಾಯಿತು. ನಮ್ಮವರು ಬದಲಿಸಲಿಲ್ಲ, ಬದಲಿಸಲು ನಾನೂ ಬಿಡಲಿಲ್ಲ. ಅಂಗಿಗಳನ್ನು ಒಗೆಯುವ ಮೊದಲೇ ನನ್ನ ಬುಟ್ಟಿಗೆ ಹಾಕಬೇಕು ಎನ್ನುವುದು ನಾನು ಮಾಡಿದ ನಿಯಮ. ಒಗೆದ ಬಟ್ಟೆ ಏನನ್ನೂ ಹೇಳುವುದಿಲ್ಲ. ಬೆವರು ಒಣಗಿ ಗಡುಸಾದ ಬಟ್ಟೆಯಲ್ಲಿ ಹೊಲಿಗೆ ಎಲ್ಲಿ ಎಳೆದಿದೆ, ದಾರ ಎಲ್ಲಿ ಸೋತಿದೆ, ಯಾವ ಕಡೆಗೆ ಮೈ ವಾಲಿತ್ತು, ಎಲ್ಲವೂ ಕಾಣುತ್ತದೆ. ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಓದಿದವಳು. ಎಲೆಯ ನರ ನೋಡಿ ಗಿಡದ ಹೆಸರು ಹೇಳುತ್ತಿದ್ದೆ. ಆ ವಿದ್ಯೆ ವ್ಯರ್ಥವಾಯಿತೆಂದು ಯಾರಾದರೂ ಮರುಗಿದರೆ ನನಗೆ ನಗು ಬರುತ್ತದೆ. ನಲವತ್ತು ವರ್ಷ ನಾನು ಅದನ್ನೇ ಅಲ್ಲವೆ ಮಾಡಿದ್ದು?

ನಮ್ಮೂರಿನಲ್ಲಿ ಫುಟ್‌ಬಾಲ್ ತಂಡದ ಮಾಲೀಕರಾಗುವುದು ಸುಲಭದ ಕೆಲಸವಲ್ಲ. ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಮಾಲೀಕರ ಮೈಯಲ್ಲಿ ಏನಿರುತ್ತದೋ ಅದು ಮೈದಾನದಲ್ಲಿರುವ ನಮ್ಮ ಹನ್ನೊಂದು ಜನರ ಮೈಯಲ್ಲೂ ಇರುತ್ತದೆ. ಮಾಲೀಕರಿಗೆ ಹಲ್ಲುನೋವೆಂದರೆ ಹನ್ನೊಂದು ಜನರೂ ಕೆನ್ನೆ ಹಿಡಿದುಕೊಂಡೇ ಓಡುತ್ತಾರೆ. ಅವರಿಗೆ ಬಿಕ್ಕಳಿಕೆ ಬಂದರೆ ಇವರಿಗೂ ಬಿಕ್ಕಳಿಕೆ. ಸೋಡಾ ಕಾರ್ಖಾನೆಯ ವೀರಭದ್ರಯ್ಯನವರು ಇಪ್ಪತ್ತಾರು ವರ್ಷ ಮಾಲೀಕರಾಗಿದ್ದರು. ಅವರ ಸಾಕುನಾಯಿ ಸತ್ತ ವಾರ ನಮ್ಮವರು ಕಣ್ಣು ಒರೆಸಿಕೊಳ್ಳುತ್ತಲೇ ಆಡಿ ಐದು ಗೋಲಿನಿಂದ ಸೋತರು. ರೆಫರಿ ಎರಡು ಸಲ ಆಟ ನಿಲ್ಲಿಸಿ ನೀರು ಕೊಡಿಸಿದ್ದರು. ಮೊಮ್ಮಗಳು ಹುಟ್ಟಿದ ಭಾನುವಾರ ಅದೇ ತಂಡಕ್ಕೆ ಆರು ಗೋಲು ಹೊಡೆದೆವು. ವೀರಭದ್ರಯ್ಯನವರ ಬಲಗಾಲಿನ ಹೆಬ್ಬೆರಳು ಊದಿಕೊಳ್ಳುತ್ತಿದ್ದ ವರ್ಷಗಳಲ್ಲಿ ನಮ್ಮ ಎಲ್ಲ ಅಂಗಿಗಳೂ ಬಲ ಭುಜದ ಹೊಲಿಗೆಯಲ್ಲೇ ಬಿಡುತ್ತಿದ್ದವು. ಆಗ ಶನಿವಾರ ಸಂಜೆಯಾಯಿತೆಂದರೆ ಅವರ ಮನೆಗೆ ಬೀದಿಬೀದಿಯಿಂದ ಹುರುಳಿ ಕಟ್ಟಿನ ಪಾತ್ರೆಗಳು ಹೋಗುತ್ತಿದ್ದವು. ಯಾರೂ ಕಾರಣ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಮಾಲೀಕರ ಮೈಯ ವಿಷಯವನ್ನು ಮಾಲೀಕರ ಎದುರು ಎತ್ತಬಾರದು. ನಮ್ಮಲ್ಲಿ ಅದು ಮರ್ಯಾದೆ.

ಎಂಬತ್ತನಾಲ್ಕನೇ ವಯಸ್ಸಿನಲ್ಲಿ ವೀರಭದ್ರಯ್ಯನವರು ಒಂದು ದಿನ ಕೋಲೂರಿಕೊಂಡು ಮೈದಾನಕ್ಕೆ ಬಂದು, "ನನ್ನ ಕಾಲು ಇನ್ನು ಹುಡುಗರಿಗೆ ಭಾರ ಕಣ್ರಯ್ಯಾ," ಎಂದು ತಂಡವನ್ನು ಬಿಟ್ಟುಕೊಟ್ಟರು. ಇಷ್ಟು ವರ್ಷ ಅವರಿಗೆ ಎಲ್ಲವೂ ಗೊತ್ತಿತ್ತು ಎಂದು ನಮಗೆ ತಿಳಿದದ್ದು ಆವತ್ತೇ.

ತಂಡವನ್ನು ಕೊಂಡವರು ಹೊರಗಿನವರು. ರೈಲಿನಲ್ಲಿ ಒಂದೂವರೆ ಗಂಟೆಯ ದಾರಿಯ ಪಟ್ಟಣದವರು, ಜಿನದತ್ತಯ್ಯ ಎಂದು ಹೆಸರು. ಹಣ್ಣು ತರಕಾರಿ ಕೆಡದಂತೆ ಇಡುವ ಶೀತಲ ಗೋದಾಮುಗಳು ಅವರವು. "ನಿಮ್ಮ ತಂಡವನ್ನು ನನಗೆ ಕೊಡಿ, ಜೋಪಾನವಾಗಿ ನೋಡಿಕೊಳ್ಳುತ್ತೇನೆ," ಎಂದು ದುಂಡಗಿನ ಅಕ್ಷರದಲ್ಲಿ ಕಾಗದ ಬರೆದಿದ್ದರು. ಊರಿನ ಫುಟ್‌ಬಾಲ್ ಸಂಘದವರು ಒಪ್ಪಿದರು. ಒಂದೇ ಷರತ್ತು ಹಾಕಿದರು: ತಂಡ ಕೆಳಗಿನ ದರ್ಜೆಗೆ ಇಳಿದರೆ ಊರು ಬೇರೆ ಮಾಲೀಕರನ್ನು ಆರಿಸಿಕೊಳ್ಳಬಹುದು. ಅವರು ರುಜು ಹಾಕಿ ಕಳಿಸಿದರು. ಒಂದು ಪಂದ್ಯಕ್ಕೂ ಬರಲಿಲ್ಲ.

ಮೊದಮೊದಲು ಊರು ಖುಷಿಯಲ್ಲಿತ್ತು. ಹೊಸ ಮಾಲೀಕರ ಮೈ ಬಲು ಹಗುರ. ನಮ್ಮವರು ಗಾಳಿಯಲ್ಲಿ ತೇಲಿದ ಹಾಗೆ ಓಡುತ್ತಿದ್ದರು, ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ, ಬಿದ್ದ ಎದುರಾಳಿಗೆ ಕೈಕೊಟ್ಟು ಎಬ್ಬಿಸುತ್ತಿದ್ದರು. ಮೂರೂವರೆಗೆ ಆಟ ಶುರುವಾದರೆ ಅರ್ಧ ವಿರಾಮದ ಹೊತ್ತಿಗೆ ಒಂದೋ ಎರಡೋ ಗೋಲು ನಮ್ಮದೇ. ಆಮೇಲೆ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ಅದು ಎರಡನೇ ಅರ್ಧದ ಹದಿನೈದನೇ ನಿಮಿಷ. ಅಷ್ಟೇ. ಯಾರೋ ಗಾಲಿಗೆ ಕಲ್ಲು ಕೊಟ್ಟ ಹಾಗೆ ಹನ್ನೊಂದು ಜನರೂ ನಿಧಾನವಾಗಿಬಿಡುತ್ತಿದ್ದರು. ಗೇಣುದ್ದದ ಹೆಜ್ಜೆ. ಎರಡು ಹೆಜ್ಜೆ ಇಟ್ಟು ತಡೆಯುವುದು, ಮತ್ತೆ ಎರಡು ಹೆಜ್ಜೆ. ಚೆಂಡು ಕಾಲ ಬಳಿಯೇ ಉರುಳಿ ಹೋದರೂ ಕಾಲು ಚಾಚುತ್ತಿರಲಿಲ್ಲ. ಐದೂ ಐದಕ್ಕೆ ಮತ್ತೆ ಮೊದಲಿನಂತೆ. ಅಷ್ಟರಲ್ಲಿ ಎದುರಿನವರು ಹೊಡೆಯಬೇಕಾದಷ್ಟು ಗೋಲು ಹೊಡೆದಾಗಿರುತ್ತಿತ್ತು. ಹದಿನಾಲ್ಕು ಪಂದ್ಯಗಳಲ್ಲಿ ಒಂಬತ್ತನ್ನು ಹೀಗೆ ಗೆದ್ದಲ್ಲಿಂದ ಸೋತೆವು.

ಊರು ಸುಮ್ಮನಿರಲಿಲ್ಲ. ಮಂಡಿನೋವು ಇರಬೇಕೆಂದು ಕೆಲವರು ಎಣ್ಣೆ ಕಳಿಸಿದರು. ವಾಯು ಇರಬೇಕೆಂದು ಮೇಲ್ಬೀದಿಯ ಹೆಂಗಸರು ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕಿ ಅಂಚೆಯಲ್ಲಿ ಕಳಿಸಿದರು. ಹುರುಳಿಯಂತೂ ಮೂಟೆಗಟ್ಟಲೆ ಹೋಯಿತು. ಪ್ರತಿಯೊಂದಕ್ಕೂ ದುಂಡಗಿನ ಅಕ್ಷರದಲ್ಲಿ ವಂದನೆಯ ಕಾಗದ ಬಂತು. ನಾಲ್ಕೂಮುಕ್ಕಾಲು ಮಾತ್ರ ಬದಲಾಗಲಿಲ್ಲ.

"ಸೋಮಾರಿತನ ಅಮ್ಮಾ ಇದು, ಬರೀ ಸೋಮಾರಿತನ," ಎಂದರು ಸಂಘದ ಅಧ್ಯಕ್ಷ ತಿಪ್ಪೇರುದ್ರಪ್ಪ. ಕೊನೆಯ ಪಂದ್ಯಕ್ಕೆ ಎರಡು ವಾರ ಉಳಿದಿತ್ತು. ಸಂಘದ ಕೋಣೆಯಲ್ಲಿ ಸಭೆ. ನಲವತ್ತು ವರ್ಷ ಗ್ಯಾಲರಿಯ ಮೂರನೇ ಮೆಟ್ಟಿಲಲ್ಲಿ ಕೂತವಳೆಂದು ನನಗೂ ಒಂದು ಕುರ್ಚಿ ಹಾಕುತ್ತಾರೆ. "ದುಡ್ಡಿರೋ ಮನುಷ್ಯ, ಸಂಜೆ ಆಯ್ತು ಅಂದ್ರೆ ಆರಾಮ ಕುರ್ಚಿಯಿಂದ ಎದ್ದು ವಯ್ಯಾರವಾಗಿ ಒಂದು ಸುತ್ತು ಹಾಕ್ತಾನೆ. ನಮ್ಮ ಹುಡುಗರ ಗತಿ ಏನು? ಕೊನೇ ಪಂದ್ಯ ಸೋತರೆ ಕೆಳಗಿನ ದರ್ಜೆ. ಸೋಲಲಿ ಬಿಡಿ. ಷರತ್ತಿದೆಯಲ್ಲ. ನಮ್ಮ ಕೆಂಚಣ್ಣನ್ನ ಮಾಲೀಕ ಮಾಡೋಣ."

ಕೆಂಚಣ್ಣ ಗರಡಿಯ ಪೈಲ್ವಾನ, ತಿಪ್ಪೇರುದ್ರಪ್ಪನವರ ಹೆಂಡತಿಯ ತಮ್ಮ.

"ದಿನಕ್ಕೆ ಐನೂರು ಬಸ್ಕಿ ಹೊಡೀತಾನೆ. ಹನ್ನೊಂದು ಜನ ಕೆಂಚಣ್ಣಂದಿರು ಮೈದಾನಕ್ಕಿಳಿದರೆ ಎದುರಿನವರು ಬಂದ ಬಸ್ಸಲ್ಲೇ ವಾಪಸ್ ಹೋಗ್ತಾರೆ."

"ಅವನು ಭಾನುವಾರ ಉಂಡು ಮಲಗಿದರೆ ದೀಪ ಹಚ್ಚೋವರೆಗೂ ಏಳೋಲ್ಲವಂತಲ್ಲ," ಎಂದೆ ನಾನು. "ಹನ್ನೊಂದು ಜನ ಮೈದಾನದಲ್ಲಿ ಗೊರಕೆ ಹೊಡೆಯೋದನ್ನ ನೋಡಬೇಕಾ?"

"ಯಾರು ಹೇಳಿದ್ದು ನಿಮಗೆ?"

"ನಿಮ್ಮ ಮನೆಯವರೇ. ರವಿಕೆ ಹೊಲಿಸೋಕೆ ಬಂದಿದ್ರು."

ಕೋಣೆಯಲ್ಲಿ ಎಲ್ಲರೂ ನಕ್ಕರು. ಆದರೆ ನಕ್ಕವರೆಲ್ಲ ನನ್ನ ಕಡೆಯವರಲ್ಲ. ಸೋತ ಊರಿಗೆ ಗಟ್ಟಿ ಮೈಯ ಮೇಲೆ ಬಹಳ ಆಸೆ ಹುಟ್ಟುತ್ತದೆ.

ಮಾಲೀಕರು ಹೇಗಿರಬೇಕು ಎಂಬುದರ ಬಗ್ಗೆ ನನಗೆ ನನ್ನದೇ ಆದ ಅಭಿಪ್ರಾಯವಿದೆ, ಅದನ್ನು ನಾನು ಯಾರ ಮುಂದೆಯೂ ತಗ್ಗಿಸಿ ಹೇಳಿದವಳಲ್ಲ. ಮಾಲೀಕರ ತೋಳು ಎಷ್ಟು ದಪ್ಪವಿದೆ ಎಂದು ನೋಡಬೇಡಿ. ಅವರ ಭಾನುವಾರ ಯಾರ ಜೊತೆ ಕಳೆಯುತ್ತದೆ, ಅದನ್ನು ನೋಡಿ. ಒಳ್ಳೆಯ ಜೊತೆಯಲ್ಲಿರುವ ಮನುಷ್ಯನ ಮೈ ತಾನಾಗಿಯೇ ಒಳ್ಳೆಯ ಆಟ ಆಡುತ್ತದೆ. ಅರ್ಧ ವಿರಾಮದವರೆಗೆ ನಮ್ಮ ತಂಡ ಆಡುತ್ತಿದ್ದ ಆ ಸೌಮ್ಯವಾದ, ಜಗಳವಿಲ್ಲದ ಆಟ ಸೋಮಾರಿಯ ಮೈಯಿಂದ ಬಂದದ್ದಲ್ಲ. ಅದು ನನಗೆ ಖಂಡಿತ ಗೊತ್ತಿತ್ತು. ನಾಲ್ಕೂಮುಕ್ಕಾಲಕ್ಕೆ ಏನಾಗುತ್ತಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದು ಮರುದಿನ ಗೊತ್ತಾಯಿತು. ಸೋಮವಾರ ಅಂಗಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡಿದ್ದೆ. ಹರಿದದ್ದು ಹೆಚ್ಚೇನೂ ಇರಲಿಲ್ಲ. ಹನ್ನೊಂದರಲ್ಲೂ ಎಡತೋಳಿನ ಮೊಣಕೈ ಒಳಗಡೆ ಒಂದು ಮಡಿಕೆ ಬೆವರಿನಲ್ಲಿ ಗಡುಸಾಗಿ ಕೂತಿತ್ತು. ಬಲತೋಳಿನಲ್ಲಿ ಇಲ್ಲ. ಎಷ್ಟೋ ವಾರಗಳಿಂದ ಅದು ಇತ್ತು. ಓಡುವವರ ಕೈ ಮಡಿಯುವುದು ಸಹಜ ಎಂದು ನಾನು ಇಸ್ತ್ರಿಯಡಿಯಲ್ಲಿ ಅಳಿಸಿಬಿಡುತ್ತಿದ್ದೆ. ಆವತ್ತು ಬೆರಳಿಟ್ಟು ನೋಡಿದೆ. ಓಡುವವರ ಮಡಿಕೆ ಹಲವು ಗೆರೆಗಳಾಗಿ ಒಡೆದಿರುತ್ತದೆ, ಏಕೆಂದರೆ ಕೈ ಮಡಿಯುತ್ತದೆ, ಬಿಚ್ಚುತ್ತದೆ. ಇದು ಒಂದೇ ಗೆರೆ, ಆಳವಾದದ್ದು. ಕೈಯನ್ನು ಮಡಿಚಿ ಇಪ್ಪತ್ತು ನಿಮಿಷ ಅಲುಗಾಡದಂತೆ ಹಿಡಿದರೆ ಮಾತ್ರ ಬೀಳುವ ಗೆರೆ. ಅದರ ಕೆಳಗೆ ತೋಳಿನ ಬಟ್ಟೆ ಕೆಳಕ್ಕೆ ಜಗ್ಗಿತ್ತು. ಅಲ್ಲಿ ಯಾವುದೋ ಭಾರವಿತ್ತು.

ನಾನು ಎದ್ದು ಹೋಗಿ ಪೆಟ್ಟಿಗೆಯಿಂದ ನನ್ನ ಹಳೆಯ ಸ್ವೆಟರ್ ತೆಗೆದೆ. ನಮ್ಮ ಮನೆಯವರಿಗೆ ಪಾರ್ಶ್ವವಾಯು ಬಡಿದ ಮೇಲೆ ಮೂರು ವರ್ಷ, ಸಂಜೆಗೊಮ್ಮೆ ಅವರನ್ನು ನಡೆಸುತ್ತಿದ್ದೆ. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಎರಡು ಹೆಜ್ಜೆ. ಅವರ ಪೂರ್ತಿ ಭಾರ ನನ್ನ ಎಡಗೈ ಮೇಲೆ. ಸ್ವೆಟರಿನ ಎಡತೋಳಿನಲ್ಲಿ ಅದೇ ಗೆರೆ, ಅದೇ ಜಗ್ಗು. ಅವರು ಹೋಗಿ ಒಂಬತ್ತು ವರ್ಷವಾದರೂ ಉಣ್ಣೆ ಅದನ್ನು ಮರೆತಿರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಗೆರೆಗಳನ್ನು ಬೆರಳಿನಿಂದ ಅಳೆದೆ. ಆಮೇಲೆ ರೈಲಿನ ವೇಳೆ ನೋಡಿದೆ.

ಮುಂದಿನ ಭಾನುವಾರ ನಮಗೆ ಪಂದ್ಯವಿರಲಿಲ್ಲ. ಒಂಬತ್ತನೇ ನಂಬರಿನವನಿಗೆಂದು ಹೊಲಿದು ಅಳತೆ ತಪ್ಪಿದ್ದ ಒಂದು ಅಂಗಿಯನ್ನೂ, ಒಂದನೇ ನಂಬರಿನ ಒಂದು ಹೊಸ ಅಂಗಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಹೊಸ ಬಟ್ಟೆಯ ಮಾದರಿ ತೋರಿಸಲು ಬಂದೆ ಎಂದು ಹೇಳುವ ಉಪಾಯ. ಜಿನದತ್ತಯ್ಯನವರ ಮನೆ ಬಸದಿಯ ಹಿಂದಿನ ಬೀದಿಯಲ್ಲಿತ್ತು. ದೊಡ್ಡ ಮನೆಯೇನಲ್ಲ. ಬೀದಿಯ ತುದಿಗೆ ಬರುವಾಗ ನಾಲ್ಕೂಮುಕ್ಕಾಲಾಗಿತ್ತು, ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ.

ಅವರು ಎದುರಿನಿಂದ ಬರುತ್ತಿದ್ದರು. ಅರವತ್ತು ದಾಟಿದ ಸಣಕಲು ಮನುಷ್ಯ, ಬಿಳಿ ಅಂಗಿ. ಅವರ ಎಡತೋಳಿಗೆ ಒಬ್ಬ ವೃದ್ಧೆ ಜೋತುಬಿದ್ದಿದ್ದರು. ಸ್ಥೂಲ ಮೈ, ಬಿಳಿ ಸೀರೆ, ಮುಖ ಆಕಾಶದ ಕಡೆಗೆ. ಕಣ್ಣು ಕಾಣದವರು ಎಂದು ದೂರದಿಂದಲೇ ತಿಳಿಯಿತು. ಎರಡು ಹೆಜ್ಜೆ, ನಿಲುಗಡೆ. "ಅಕ್ಕ, ಇಲ್ಲಿ ನೀರಿದೆ, ದೊಡ್ಡ ಹೆಜ್ಜೆ ಇಡು. ಹಾಂ. ಎಡಗಡೆ ಕುಸುಮಮ್ಮನ ಮನೆ, ಮಲ್ಲಿಗೆ ಬಿಟ್ಟಿದೆ," ಎಂದು ಅವರು ಹೇಳುತ್ತಾ ಬರುತ್ತಿದ್ದರು. ಆ ಬೀದಿಯವರು ಆ ಹೊತ್ತಿಗೆ ಸೈಕಲ್ಲುಗಳನ್ನೆಲ್ಲ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಒಬ್ಬ ಹೆಂಗಸು ಗುಡಿಸುವುದನ್ನು ನಿಲ್ಲಿಸಿ, ಧೂಳು ಕೂರಲೆಂದು ಪೊರಕೆ ಹಿಡಿದು ಕಾದಿದ್ದಳು. ನಮ್ಮ ಒಂಬತ್ತು ಸೋಲುಗಳು ಹೀಗಿದ್ದವು.

ನಾನು ಪರಿಚಯ ಹೇಳಿಕೊಂಡೆ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಳಗೆ ಕರೆದು ಕೂರಿಸಿದರು. ಕಪಾಟಿನಲ್ಲಿ ನಮ್ಮೂರಿನ ಎಣ್ಣೆ ಬಾಟಲಿಗಳು ಕಳಿಸಿದವರ ಹೆಸರಿನ ಚೀಟಿ ಸಹಿತ ಸಾಲಾಗಿ ನಿಂತಿದ್ದವು.

"ನಿಮ್ಮೂರಿನವರಷ್ಟು ಒಳ್ಳೆಯವರನ್ನ ನಾನು ನೋಡಿಲ್ಲ ತಾಯಿ," ಎಂದರು ಜಿನದತ್ತಯ್ಯ. "ಆದರೆ ನನಗೆ ಮಂಡಿನೋವು ಅಂತ ಅವರಿಗೆ ಯಾರು ಹೇಳಿದ್ರೋ! ನಾವು ಬೆಳ್ಳುಳ್ಳಿ ತಿನ್ನೋದಿಲ್ಲ, ಉಪ್ಪಿನಕಾಯಿ ಎಲ್ಲಾ ಗೋದಾಮಿನ ಕೆಲಸದವರಿಗೆ ಕೊಟ್ಟೆ. ಅವರಂತೂ ನಿಮ್ಮ ತಂಡಕ್ಕೆ ದಿನಾ ಜೈ ಅಂತಾರೆ."

ಆಗ ನನಗೆ ಹೊಳೆಯಿತು. ಈ ಮನುಷ್ಯನಿಗೆ ಏನೂ ಗೊತ್ತಿಲ್ಲ. ಕಾಗದಪತ್ರಕ್ಕೆ ರುಜು ಹಾಕಿಸಿಕೊಂಡ ನಮ್ಮ ಸಂಘ, ಉಪ್ಪಿನಕಾಯಿ ಕಳಿಸಿದ ನಮ್ಮ ಹೆಂಗಸರು, ಬೈದುಕೊಂಡ ನಮ್ಮ ಗ್ಯಾಲರಿ, ಯಾರೊಬ್ಬರೂ ಅವರಿಗೆ ವಿಷಯ ತಿಳಿಸಿಯೇ ಇರಲಿಲ್ಲ. ನೀರು ಒದ್ದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಮೇಲಾಗಿ, ಮಾಲೀಕರಿಗೆ ಹೇಳಬಾರದೆನ್ನುವ ಮರ್ಯಾದೆ ಬೇರೆ.

ಪದ್ಮಕ್ಕ, ಅಂದರೆ ಆ ಅಕ್ಕ, ನನ್ನ ಚೀಲಕ್ಕೆ ಕೈ ಚಾಚಿದರು. ಅಂಗಿಯ ಬೆನ್ನಿನ ಮೇಲೆ ಬೆರಳು ಆಡಿಸಿ, "ಒಂದು," ಎಂದರು. "ಗೋಲ್‌ಕೀಪರಿಂದು. ಇದು ನನ್ನ ಅಂಗಿ."

"ಅಕ್ಕ ಚಿಕ್ಕವಳಿದ್ದಾಗ ಗೋಲಲ್ಲಿ ನಿಲ್ತಿದ್ದಳು," ಎಂದರು ಜಿನದತ್ತಯ್ಯ. "ಓಣಿಯಲ್ಲಿ ನಾವು ಆರು ಜನ ಗಂಡುಹುಡುಗರು, ಇವಳೊಬ್ಬಳು. ಲಂಗ ಎತ್ತಿಕಟ್ಟಿ ನಿಂತಳು ಅಂದ್ರೆ ಒಂದು ಚೆಂಡು ಒಳಗೆ ಹೋಗ್ತಿರಲಿಲ್ಲ. ಕಣ್ಣು ಹೋಗಿ ಹನ್ನೆರಡು ವರ್ಷ ಆಯ್ತು. ಒಂದು ದಿನ ಕೇಳಿದಳು, ದತ್ತು, ನನಗೆ ಒಂದು ತಂಡ ತಂದುಕೊಡ್ತೀಯಾ ಅಂತ. ತಂದುಕೊಟ್ಟೆ."

"ತಂದುಕೊಟ್ಟ, ಬರೀ ಸೋಲೋ ತಂಡನ," ಎಂದರು ಪದ್ಮಕ್ಕ. "ಸೋಮವಾರ ಪೇಪರ್ ಓದ್ತಾನೆ, ನಾನು ಕೇಳ್ತೀನಿ. ನಾನಿದ್ದಿದ್ರೆ ಹಿಡೀತಿದ್ದೆ."

"ಪಂದ್ಯಕ್ಕೆ ಕರ್ಕೊಂಡು ಬರಬಹುದಲ್ಲ?" ಎಂದು ಕೇಳಿದೆ.

"ರೈಲು ಹತ್ತೋಕೆ ಆಗೋಲ್ಲ ತಾಯಿ, ಕಾಲು ಊತ. ಈ ಬೀದಿ ಒಂದು ಸುತ್ತು, ಅಷ್ಟೇ. ಬಿಸಿಲು ತಗ್ಗೋ ಮೊದಲು ಆಗೋಲ್ಲ. ಸೂರ್ಯ ಮುಳುಗೋದರೊಳಗೆ ನಮ್ಮ ಊಟ ಆಗಬೇಕು, ಅದಕ್ಕಿಂತ ತಡಾನೂ ಆಗೋಲ್ಲ. ಇವಳಿಗೆ ಈ ಹೊತ್ತೊಂದೇ."

ಬೆಳಕಿರುವಾಗಲೇ ನನಗೂ ಬಡಿಸಿದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ. ಮುಂದಿನ ಭಾನುವಾರ ಒಂದು ದಿನ ಮಾತ್ರ ನಾಲ್ಕೂಮುಕ್ಕಾಲಕ್ಕೆ ಸುಮ್ಮನೆ ಕೂತಿರಿ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ರೊಟ್ಟಿಯ ಜೊತೆ ನುಂಗಿಕೊಂಡೆ.

ಊರಿಗೆ ಬಂದು ಸಂಘದಲ್ಲಿ ಹೇಳಿದಾಗ ತಿಪ್ಪೇರುದ್ರಪ್ಪ ಮೇಜು ಕುಟ್ಟಿದರು. "ಅಲ್ಲಿವರೆಗೆ ಹೋಗಿ ಕೇಳದೆ ಬಂದ್ರಾ? ಒಂದೇ ಒಂದು ಭಾನುವಾರ ಸುಲೋಚನಮ್ಮ! ಒಂದು ದಿನ ನಡೀದಿದ್ರೆ ಆ ಅಜ್ಜಿಗೆ ಏನಾಗ್ತಿತ್ತು?"

"ಒಂದು ದಿನ ನಡೀದಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತು," ಎಂದೆ. "ನಮ್ಮ ಮನೆಯವರು ಒಂದು ದಿನ ಬೇಡ ಅಂದರು. ಆಮೇಲೆ ಎದ್ದೇ ಇಲ್ಲ."

ತಿಪ್ಪೇರುದ್ರಪ್ಪ ಮೇಜಿನಿಂದ ಕೈ ತೆಗೆದರು. ಒರಟು ಮಾತಿನ ಮನುಷ್ಯ, ಕಟುಕರಲ್ಲ. ಎದುರಿಗಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

ತರಬೇತಿ ಕೊಡುವ ಇನಾಯತ್ ಮಾಸ್ತರು ಅಷ್ಟು ಹೊತ್ತೂ ಗೋಡೆಗೊರಗಿ ಕೇಳುತ್ತಿದ್ದರು. "ಭಾರ ಎಷ್ಟಿರಬಹುದು ಅಮ್ಮಾ?" ಎಂದು ಕೇಳಿದರು.

"ದೊಡ್ಡ ಮೈ. ಪೂರ್ತಿ ಒಂದೇ ಕೈ ಮೇಲೆ."

"ಅರ್ಧ ಆದರೆ?"

"ಅರ್ಧ ಯಾಕಾಗುತ್ತೆ?" ಎಂದರು ತಿಪ್ಪೇರುದ್ರಪ್ಪ.

"ಇನ್ನೊಂದು ಕೈಯನ್ನ ನಾನು ಹಿಡಿದರೆ ಆಗುತ್ತೆ," ಎಂದೆ. ಮಾಸ್ತರು ಕೇಳಿದ್ದೂ ಅದನ್ನೇ. "ಭಾನುವಾರ ನಾನು ಅಲ್ಲಿಗೆ ಹೋಗ್ತೀನಿ."

"ನೀವಾ? ಕೊನೇ ಪಂದ್ಯ ಬಿಟ್ಟಾ?" ತಿಪ್ಪೇರುದ್ರಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಇರೋದೇ ನಲವತ್ತು ಕೆಜಿ. ಗಾಳಿ ಬಂದ್ರೆ ನಿಮ್ಮನ್ನೇ ಯಾರಾದ್ರೂ ಹಿಡ್ಕೋಬೇಕು."

"ಮೂರು ವರ್ಷ ಎಪ್ಪತ್ತೆರಡು ಕೆಜಿ ನಡೆಸಿದ್ದೀನಿ ತಿಪ್ಪೇರುದ್ರಪ್ಪ. ನಿಮ್ಮ ಕೆಂಚಣ್ಣ ಬಸ್ಕಿ ಹೊಡೆಯೋದನ್ನ ಕಲಿತದ್ದಕ್ಕಿಂತ ಮೊದಲು."

"ಅರ್ಧ ಭಾರ ಆದರೆ ನನ್ನ ಹುಡುಗರು ಸಂಭಾಳಿಸ್ತಾರೆ," ಎಂದರು ಮಾಸ್ತರು. "ನಮಗೆ ಸಮ ಆದರೂ ಸಾಕು, ದರ್ಜೆ ಉಳಿಯುತ್ತೆ. ಆ ಇಪ್ಪತ್ತು ನಿಮಿಷ ಒಬ್ಬರಿಗೊಬ್ಬರು ಹತ್ತಿರ ನಿಂತು ಸಣ್ಣಸಣ್ಣದಾಗಿ ಚೆಂಡು ದಾಟಿಸ್ಲಿ." ಆ ವಾರವಿಡೀ ಅವರು ಹುಡುಗರ ಎಡಗೈಗೆ ಮರಳಿನ ಚೀಲ ಕಟ್ಟಿ ಆಡಿಸಿದರು. ಚೀಲಗಳನ್ನು ಹೊಲಿದುಕೊಟ್ಟವಳು ನಾನೇ.

ಭಾನುವಾರ ರೈಲಿನಲ್ಲಿ ಕಿಟಕಿ ಪಕ್ಕ ಕೂತಾಗ ಕೈಗಳು ತಾವಾಗಿಯೇ ಒಂದನ್ನೊಂದು ಹಿಡಿದುಕೊಂಡಿದ್ದವು. ನಲವತ್ತು ವರ್ಷದಲ್ಲಿ ಊರಿನ ಮೈದಾನದ ಒಂದೇ ಒಂದು ಪಂದ್ಯವನ್ನೂ ನಾನು ತಪ್ಪಿಸಿರಲಿಲ್ಲ. ನಮ್ಮ ಮನೆಯವರು ತೀರಿಕೊಂಡ ಹದಿನಾಲ್ಕನೇ ದಿನವೂ ಗ್ಯಾಲರಿಯಲ್ಲಿದ್ದೆ. ಅಕ್ಕಪಕ್ಕದವರು ಆವತ್ತು ಮಾತಾಡಿಸದೆ, ಕಡಲೆಕಾಯಿ ಸುಲಿದು ಸುಲಿದು ನನ್ನ ಮಡಿಲಿಗೆ ಹಾಕಿದ್ದರು. ಊರಿಗೆ ಬೇಕಾದ ಪಂದ್ಯ ಎಂದರೆ ಇದು. ನಾನು ಅದಕ್ಕೆ ಬೆನ್ನು ಹಾಕಿ ಹೋಗುತ್ತಿದ್ದೆ. ಆದರೂ ಹೇಳುತ್ತೇನೆ, ನನಗೆ ಸಂಶಯವಿರಲಿಲ್ಲ.

"ಮತ್ತೆ ಬಂದ್ರಾ!" ಎಂದು ಜಿನದತ್ತಯ್ಯ ಬಾಗಿಲಲ್ಲೇ ಕೈ ಮುಗಿದರು. ಈ ಕಡೆ ಸಂಬಂಧಿಕರ ಮನೆಗೆ ಬಂದಿದ್ದೆ, ಹಾಗೇ ಪದ್ಮಕ್ಕನ ಜೊತೆ ಒಂದು ಸುತ್ತು ನಡೆಯೋಣ ಅನ್ನಿಸಿತು ಎಂದೆ. ಸುಳ್ಳೇ. ನಾಲ್ಕೂಮುಕ್ಕಾಲಕ್ಕೆ ಮೂವರೂ ಬೀದಿಗಿಳಿದೆವು. ನಾನು ಪದ್ಮಕ್ಕನ ಆಚೆ ಬದಿ ತೋಳು ಕೊಟ್ಟೆ. ಆಕೆ ಮೊದಲು ಅನುಮಾನದಿಂದ ಬೆರಳೂರಿದರು. ಎರಡು ಹೆಜ್ಜೆಗೆ ಸರಿಯಾಗಿ ನಾನು ನಿಂತದ್ದನ್ನು ಗಮನಿಸಿ, "ನಿಮಗೆ ಅಭ್ಯಾಸ ಇದೆ," ಎಂದರು. ಆಮೇಲೆ ತಮ್ಮ ಅರ್ಧ ಭಾರವನ್ನು ನನಗೆ ಬಿಟ್ಟುಕೊಟ್ಟರು. ಒಂಬತ್ತು ವರ್ಷಗಳ ನಂತರ ಆ ಭಾರ ಮತ್ತೆ ನನ್ನ ತೋಳಿಗೆ ಬಂತು. ಅತ್ತ ಕಡೆ ಜಿನದತ್ತಯ್ಯನವರ ಭುಜ ಮೇಲಕ್ಕೇರಿದ್ದನ್ನು ನಾನು ಕಣ್ಣಾರೆ ಕಂಡೆ. ಹನ್ನೊಂದು ಭುಜಗಳು ಮೇಲಕ್ಕೇರಿರಬೇಕು ಎಂದುಕೊಂಡೆ.

ಆದರೆ ಒಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಬೀದಿಯಲ್ಲಿ ಇಬ್ಬರು ನಡೆದರೆ ಪಕ್ಕದಲ್ಲಿ ಒಂದು ಗಾಡಿಗಷ್ಟೇ ಜಾಗ. ಮೂವರು ಸಾಲಾಗಿ ಬಂದರೆ ಎದುರಿನವರಿಗೆ ದಾರಿ ಇರುವುದಿಲ್ಲ. ಇಳಿಜಾರಿನ ಮೇಲಿನಿಂದ ತರಕಾರಿಯವಳ ತಳ್ಳುಗಾಡಿ ಬಂತು. ಪದ್ಮಕ್ಕ ಬರುವ ಹೊತ್ತೆಂದು ಅವಳು ದಿನವೂ ಗಂಟೆ ಬಾರಿಸದೆ ಒಂದು ಪಕ್ಕಕ್ಕೆ ಹಿಡಿದು ಹೋಗುವವಳಂತೆ. ಇವತ್ತು ಪಕ್ಕದಲ್ಲಿ ನಾನಿದ್ದೆ. ನನ್ನನ್ನು ತಪ್ಪಿಸಲು ಗಾಡಿಯನ್ನು ತಿರುಗಿಸಿದಳು, ಚಕ್ರ ಕಲ್ಲಿಗೆ ಹತ್ತಿತು, ದಪ್ಪನೆಯ ಒಂದು ಎಲೆಕೋಸು ಗಾಡಿಯಿಂದ ಹಾರಿ ಇಳಿಜಾರಿನಲ್ಲಿ ನೇರ ನಮ್ಮ ಕಡೆಗೆ ಉರುಳಿತು.

"ಅಮ್ಮಾ, ಕಾಲು!" ಎಂದು ಅವಳು ಕೂಗಿದಳು.

ಪದ್ಮಕ್ಕ ಉರುಳುವ ಸದ್ದಿಗೆ ಕಿವಿ ಕೊಟ್ಟರು. ಊದಿದ ಬಲಗಾಲನ್ನು ಅರ್ಧ ಗೇಣು ಎತ್ತಿ ಇಟ್ಟರು. ಕೋಸು ಬಂದು ಪಾದದ ಅಡಿಯಲ್ಲಿ ಸಿಕ್ಕಿಕೊಂಡು ನಿಂತಿತು.

"ಹಿಡಿದೆನಾ?" ಎಂದರು ಪದ್ಮಕ್ಕ.

"ಹಿಡಿದೆ ಅಕ್ಕ," ಎಂದರು ತಮ್ಮ.

"ಯಾರು ಹೊಡೆದದ್ದು?"

"ತರಕಾರಿ ಸಾಕವ್ವ."

"ಏ ಸಾಕವ್ವಾ," ಎಂದರು ಪದ್ಮಕ್ಕ ಆಕಾಶಕ್ಕೆ ಮುಖ ಮಾಡಿ, ಬಹಳ ಗಂಭೀರವಾಗಿ. "ಇಷ್ಟು ಮೆತ್ತಗೆ ಹೊಡೆದ್ರೆ ಗೋಲ್ ಆಗೋಲ್ಲ ಕಣೇ. ಮುಂದಿನ ಸಲ ಕುಂಬಳಕಾಯಿ ತಗೊಂಡು ಬಾ."

ಜಿನದತ್ತಯ್ಯ ನಕ್ಕರು. ಮೊದಲು ಮೂಗಿನಲ್ಲಿ ಒಂದು ಸದ್ದು, ಆಮೇಲೆ ಭುಜ ಕುಲುಕಿ, ಆಮೇಲೆ ತಡೆಯಲಾಗದೆ ಪಕ್ಕೆ ಹಿಡಿದುಕೊಂಡು ನಡುಬೀದಿಯಲ್ಲಿ ಬಾಗಿಬಿಟ್ಟರು. ಕಣ್ಣಲ್ಲಿ ನೀರು. ಹನ್ನೆರಡು ವರ್ಷದಿಂದ ಕೂಡಿಟ್ಟ ನಗುವಿರಬೇಕು, ಮುಗಿಯುವಂತೆಯೇ ಕಾಣಲಿಲ್ಲ. ಪೊರಕೆಯ ಹೆಂಗಸು ನಕ್ಕಳು, ಸಾಕವ್ವ ನಕ್ಕಳು. ನಾನು ಮಾತ್ರ ನಗಲಿಲ್ಲ. ಕೈಗಡಿಯಾರ ನೋಡಿದೆ. ನಾಲ್ಕು ಐವತ್ಮೂರು. ಅಲ್ಲಿ ಮೈದಾನದಲ್ಲಿ ನಮ್ಮ ಹನ್ನೊಂದು ಜನರೂ ಪಕ್ಕೆ ಹಿಡಿದು ಬಾಗಿರುತ್ತಾರೆ. ಗೋಲ್‌ಕೀಪರ್ ಹಾಲೇಶನೂ ಸೇರಿ. ಮರಳಿನ ಚೀಲ ಕಟ್ಟಿ ಅಭ್ಯಾಸ ಮಾಡಿಸಿದ್ದೆವು. ನಗುವಿಗೆ ಯಾವ ಅಭ್ಯಾಸ? ಭಾರ ಇಳಿಸಲು ಬಂದವಳು ನಾನು. ನಾನು ಬಂದದ್ದರಿಂದಲೇ ಗಾಡಿ ತಿರುಗಿತು. ತಂಡವನ್ನು ಕೈಯಾರೆ ಕೆಳಗಿಳಿಸಿದೆನೆಂದು ಅನ್ನಿಸಿತು.

"ಯಾಕೆ ನಿಮ್ಮ ಕೈ ತಣ್ಣಗಾಯ್ತು?" ಎಂದರು ಪದ್ಮಕ್ಕ. ನನ್ನ ಬೆರಳುಗಳನ್ನು ತಮ್ಮ ಸೆರಗಿನೊಳಗೆ ತೆಗೆದುಕೊಂಡು ಉಜ್ಜಿದರು. ಮನೆ ತಲುಪುವವರೆಗೂ ಬಿಡಲಿಲ್ಲ.

ಅರ್ಧ ರೊಟ್ಟಿಗೇ ಕೈ ತೊಳೆದೆ. ಐದೂ ಐವತ್ತರ ರೈಲಿನಲ್ಲಿ ಬರುವಾಗ ಪ್ರತಿ ನಿಲ್ದಾಣದಲ್ಲೂ ಯಾರಾದರೂ ಸುದ್ದಿ ಹೇಳುತ್ತಾರೇನೋ ಎಂದು ಮುಖಗಳನ್ನು ನೋಡಿದೆ. ನಮ್ಮೂರಿನ ನಿಲ್ದಾಣದಲ್ಲಿ ಇಳಿದಾಗ ದೀಪ ಹಚ್ಚುತ್ತಿದ್ದರು. ಬೆಂಚಿನ ಮೇಲೆ ಇನಾಯತ್ ಮಾಸ್ತರು ಕೂತಿದ್ದರು, ಪಕ್ಕದಲ್ಲಿ ತಿಪ್ಪೇರುದ್ರಪ್ಪ. ಇಬ್ಬರ ಕಣ್ಣೂ ಕೆಂಪಾಗಿದ್ದವು.

"ಸೋತೆವಾ?" ಎಂದೆ.

"ಕೂತ್ಕೊಳ್ಳಿ ಅಮ್ಮಾ," ಎಂದರು ಮಾಸ್ತರು. "ಒಂದು ಒಂದರಲ್ಲಿ ಸಮ ಇತ್ತು. ನಾಲ್ಕೂಮುಕ್ಕಾಲು ಆಯ್ತು. ಹುಡುಗರ ಕೈ ಮಡಚಿತು, ಆದರೆ ಕಾಲು ಹೋಗ್ತಿತ್ತು. ಅರ್ಧ ಭಾರ ಅಂತ ನನಗೆ ಅಲ್ಲೇ ಗೊತ್ತಾಯ್ತು, ನಿಮಗೆ ಅಲ್ಲಿಂದಲೇ ಸಲಾಂ ಹೇಳಿದೆ. ಚೆನ್ನಾಗೇ ತಡೀತಿದ್ರು. ಅಷ್ಟರಲ್ಲಿ ನಮ್ಮವನ ಕೈಗೆ ಚೆಂಡು ತಾಗಿ ಅವರಿಗೆ ಪೆನಾಲ್ಟಿ ಸಿಕ್ತು."

"ಎಷ್ಟು ಹೊತ್ತಿಗೆ?"

"ಐವತ್ತೆರಡು, ಐವತ್ಮೂರು ಇರಬೇಕು. ಅವರ ನಾಯಕ ಚೆಂಡು ಇಟ್ಟ. ರೆಫರಿ ಸೀಟಿ ಊದಿದ. ಅವನು ಓಡಿ ಬರೋಕೂ..."

ಮಾಸ್ತರಿಗೆ ಮುಂದೆ ಹೇಳಲಾಗಲಿಲ್ಲ. ಭುಜ ಕುಲುಕತೊಡಗಿತು. ತಿಪ್ಪೇರುದ್ರಪ್ಪ ಮಾತನ್ನು ತೆಗೆದುಕೊಂಡರು.

"ಹನ್ನೊಂದೂ ಜನ ಹೋ ಅಂತ ನಗೋಕೆ ಶುರು ಮಾಡಿದ್ರು ಸುಲೋಚನಮ್ಮ! ಹಾಲೇಶ ಗೋಲಿನ ಕಂಬ ತಬ್ಬಿಕೊಂಡು ನಗ್ತಿದಾನೆ. ಆ ನಾಯಕ ಓಡ್ತಾ ಓಡ್ತಾ ಬಗ್ಗಿ ತನ್ನ ಚಡ್ಡಿ ನೋಡ್ಕೊಂಡ. ಎಲ್ಲಿ ಹರಿದಿದೆಯೋ ಅಂತ. ಒಂದು ಕೈಯಲ್ಲಿ ಹಿಂದೆ ಮುಟ್ಟಿಕೊಂಡೇ ಒದ್ದ. ಚೆಂಡು ಸೀದಾ ಅಂಚೆ ಕಚೇರಿ ಮಾಡಿನ ಮೇಲೆ! ಆಮೇಲೆ ಅವರಿಗೆ ಆಟವೇ ಬರಲಿಲ್ಲ. ಚಡ್ಡಿ ನೋಡ್ಕೊಳ್ಳೋದೇ ಆಯ್ತು. ಸಮ. ಉಳಿದ್ವಿ. ಗ್ಯಾಲರಿಯಲ್ಲಿ ನಕ್ಕೂ ನಕ್ಕೂ ನನಗೆ ಇನ್ನೂ ಹೊಟ್ಟೆ ನೋವು." ಅವರು ಕಣ್ಣೊರೆಸಿಕೊಂಡು ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದರು, "ಅಲ್ಲಿ ಏನಾಯ್ತು ಅಂತ ಹೇಳಿ ಮೊದಲು."

ನಾನು ಎಲೆಕೋಸಿನ ಕತೆ ಹೇಳಿದೆ.

"ಹಾಗಾದ್ರೆ ಹಿಡಿದದ್ದು ಆ ಅಕ್ಕ," ಎಂದರು ತಿಪ್ಪೇರುದ್ರಪ್ಪ. ಎದ್ದು ನನ್ನ ಚೀಲ ಎತ್ತಿಕೊಂಡರು. "ಕೆಂಚಣ್ಣನಿಗೆ ನಾನೇ ಹೇಳ್ತೀನಿ. ಮಲಗಿರ್ತಾನೆ ಪಾಪ, ನಾಳೆ ಹೇಳ್ತೀನಿ."

ಪಂದ್ಯಗಳ ಹೊಸ ಋತು ಶುರುವಾಗಿ ನಾಲ್ಕು ತಿಂಗಳಾಯಿತು. ಭಾನುವಾರ ಮಧ್ಯಾಹ್ನ ನಾನು ರೈಲಿನಲ್ಲಿರುತ್ತೇನೆ. ಆ ದಿನದಿಂದ ಇಲ್ಲಿಯವರೆಗೆ ನಮ್ಮ ತಂಡದ ಒಂದು ಪಂದ್ಯವನ್ನೂ ನಾನು ನೋಡಿಲ್ಲ. ಆದರೆ ನನ್ನಷ್ಟು ಹತ್ತಿರದಿಂದ ಆಟ ನೋಡುವವರು ಊರಿನಲ್ಲಿ ಯಾರೂ ಇಲ್ಲವೆಂದು ನಿಸ್ಸಂಕೋಚವಾಗಿ ಹೇಳಬಲ್ಲೆ. ಗ್ಯಾಲರಿಯ ಮೂರನೇ ಮೆಟ್ಟಿಲಲ್ಲಿ ನನ್ನ ಜಾಗಕ್ಕೆ ಯಾರೋ ಒಂದು ಕರವಸ್ತ್ರ ಹಾಸಿ ಇಡುತ್ತಾರಂತೆ, ಯಾರನ್ನೂ ಕೂರಗೊಡುವುದಿಲ್ಲವಂತೆ. ಈಗ ಪಟ್ಟಿಯಲ್ಲಿ ನಾವು ಮೂರನೆಯವರು. ಜಿನದತ್ತಯ್ಯನವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ನಿಮ್ಮ ಸಂಬಂಧಿಕರು ಈ ಊರಲ್ಲಿ ಎಲ್ಲಿದ್ದಾರೆ ತಾಯಿ ಎಂದು ಒಮ್ಮೆ ಕೇಳಿದ್ದರು. ನಾನು ಉತ್ತರ ಕೊಡುವ ಮೊದಲೇ ಪದ್ಮಕ್ಕ, "ಇಲ್ಲೇ ಇದ್ದೀವಲ್ಲೋ," ಎಂದರು. ಅವರಿಗೆ ಗೊತ್ತೇನೋ. ಕಣ್ಣಿಲ್ಲದವರಿಂದ ಮುಚ್ಚಿಡುವುದು ಕಷ್ಟ.

ಆ ಪಂದ್ಯದ ಮರುದಿನದ ಸೋಮವಾರವನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಅಂಗಿಗಳು ಬಂದವು. ಎಡತೋಳಿನ ಮಡಿಕೆ ಇತ್ತು, ಮೊದಲಿನ ಅರ್ಧದಷ್ಟು ಆಳ. ಆದರೆ ಹನ್ನೊಂದು ಅಂಗಿಗಳಲ್ಲೂ ಎರಡೂ ಪಕ್ಕದ ಹೊಲಿಗೆ ಕಂಕುಳಿನಿಂದ ಸೊಂಟದವರೆಗೆ ಬಿಟ್ಟಿತ್ತು, ಎಲ್ಲರೂ ಪಕ್ಕೆ ಹಿಡಿದು ಬಾಗಿದ ಕಡೆ. ನನ್ನ ನಲವತ್ತು ವರ್ಷದಲ್ಲಿ ಅಲ್ಲಿ ಹೊಲಿಗೆ ಬಿಟ್ಟದ್ದೇ ಇಲ್ಲ. ಯಂತ್ರಕ್ಕೆ ಎಣ್ಣೆ ಹಾಕಿ ಕೂತು ಇಪ್ಪತ್ತೆರಡು ಪಕ್ಕಗಳನ್ನೂ ಮತ್ತೆ ಹೊಲಿದೆ. ಹೊಲಿಯುವಾಗ ಎಲ್ಲ ಕಡೆಯೂ ಅರ್ಧ ಅಂಗುಲ ಬಟ್ಟೆ ಹೆಚ್ಚು ಬಿಟ್ಟೆ. ಮುಂದೆ ಬೇಕಾಗುತ್ತದೆ.